ವೃದ್ಧರ ವಾರ್ಡಿನ ಬಾಗಿಲಿಗೆ ಸದ್ದು ಮರಳಿಸುವ ಕುರಿತು

ಗುಣಮಟ್ಟ ಸುಧಾರಣಾ ಬೋಧನಾ ವಿಭಾಗ, ಡಂಡಿ ನಗರದ ಆಸ್ಪತ್ರೆ
ಸಂಖ್ಯೆ: ಗುಸುಬೋ/ಬಾಗಿಲು/೭(ಅ)

ವಿಷಯ: ತರಬೇತಿ ವೈದ್ಯೆ ಡಾ. ಐಲಿ ರೆನ್ನಿ ಅವರು ಅಳತೆಯಿಲ್ಲದೆ ಮಾಡಿಬಿಟ್ಟ ಸುಧಾರಣೆಯನ್ನು ಸರಿಪಡಿಸುವ ಬಗ್ಗೆ.

ಉಲ್ಲೇಖ: ಬಾಗಿಲಿನ ಸದ್ದಿನ ಬಗ್ಗೆ ಸಿಸ್ಟರ್ ಮೋರಾಗ್ ಸ್ಟ್ರಾಕನ್ ಅವರು ಪ್ರತಿ ಚಳಿಗಾಲ ಸಲ್ಲಿಸಿದ ದೂರುಗಳು (ಪರಿಶೀಲನೆಯಲ್ಲಿವೆ).

ತರಬೇತಿಯ ವರ್ಷ ಪಾಸಾಗಲು ಪ್ರತಿ ವೈದ್ಯರೂ ವಾರ್ಡಿನ ಒಂದು ತೊಂದರೆಯನ್ನು ಮೊದಲು ಅಳೆದು, ಸುಧಾರಿಸಿ, ಮತ್ತೆ ಅಳೆದು, ಅದರ ಪೋಸ್ಟರ್ ತೂಗುಹಾಕಿ, ಆಗಸ್ಟಿನಲ್ಲಿ ಬೇರೆ ಆಸ್ಪತ್ರೆಗೆ ಹೊರಟುಹೋಗತಕ್ಕದ್ದು. ಸುಧಾರಣೆ ಉಳಿಯಬೇಕೆಂದು ಈ ವಿಭಾಗ ಎಂದೂ ಒತ್ತಾಯಿಸಿಲ್ಲ.

ಹೀಗಿರುವಲ್ಲಿ, ಬಾಗಿಲು ಢಬ್ಬೆಂದಾಗಲೆಲ್ಲ ರೋಗಿಗಳು ಬೆಚ್ಚಿಬೀಳುವುದನ್ನು ಕಂಡ ಡಾ. ರೆನ್ನಿ, ರೋಗಿ ಶ್ರೀಮತಿ ಐಸೊಬೆಲ್ ಟುಲ್ಲಕ್ ಅವರ ಹಳೆಯ ಉಣ್ಣೆ ಚಪ್ಪಲಿಯ ತುಂಡೊಂದನ್ನು ಚೌಕಟ್ಟಿಗೆ ಅಂಟಿಸಿ, ಚಹಾ ಆರುವುದರೊಳಗೆ ಸದ್ದನ್ನೇ ನಿಲ್ಲಿಸಿರುತ್ತಾರೆ. ಮೊದಲ ಅಳತೆ ಇಲ್ಲವಾದ್ದರಿಂದ ಸುಧಾರಣೆ ಆಗಿಲ್ಲ. ಸುಧಾರಣೆ ಆಗದಿದ್ದರೆ ಅವರು ಫೇಲು. ಹುಡುಗಿ ಒಳ್ಳೆಯವಳು, ಒಂದಿಡೀ ವರ್ಷ ಹಾಳಾಗುವುದು ವಿಭಾಗಕ್ಕೂ ಸಂಕಟವೇ.

ಆದ್ದರಿಂದ, ಮೊದಲ ಅಳತೆ ತೆಗೆಯುವ ಸಲುವಾಗಿ, ಈ ಮೂಲಕ ಸೂಚಿಸಲಾಗಿದೆ:

೧. ಚಪ್ಪಲಿ ತುಂಡನ್ನು ಕೂಡಲೇ ಕೀಳುವುದು. ಬಾಗಿಲು ಮೊದಲಿನಂತೆ ಬಡಿಯತಕ್ಕದ್ದು.

೨. ತಾನಾಗಿ ಬಡಿಯದಿದ್ದಲ್ಲಿ ವೈದ್ಯ ವಿದ್ಯಾರ್ಥಿಗಳನ್ನು ಸರದಿಯಂತೆ ಬಡಿಯಲು ನೇಮಿಸುವುದು. ಅನುಭವವಿಲ್ಲದವರಿಗೆ ಅರ್ಧ ದಿನದ ಕಾರ್ಯಾಗಾರವಿದೆ, ಬಿಸ್ಕತ್ತು ಕೊಡಲಾಗುವುದು.

೩. ರೋಗಿಗಳ ಬೆಚ್ಚುವಿಕೆಯನ್ನು ರೆಪ್ಪೆ, ಭುಜ, ಚಹಾ ಚೆಲ್ಲಿಕೆ ಎಂದು ವಿಂಗಡಿಸುವುದು. ಕಿವಿ ಕೇಳದವರು ಪಕ್ಕದವರನ್ನು ನೋಡಿ ಬೆಚ್ಚಬಹುದು.

೪. ನಿದ್ದೆಯಲ್ಲಿರುವವರನ್ನು ಎಬ್ಬಿಸಿ, ನಿದ್ದೆ ಬರುತ್ತಿಲ್ಲವೆಂಬುದನ್ನು ಖಚಿತಪಡಿಸಿಕೊಳ್ಳುವುದು.

೫. ಶ್ರೀಮತಿ ಟುಲ್ಲಕ್ ಅವರು “ಏನಪ್ಪಾ, ಈಗಷ್ಟೇ ನೆಮ್ಮದಿಯಾಗಿ ಕಣ್ಮುಚ್ತಿದೀನಿ, ಅದನ್ನೂ ಕಿತ್ಕೋತೀರಾ?” ಎಂದು ಕೇಳಿರುವುದು ಸಂಖ್ಯೆಯ ರೂಪದಲ್ಲಿಲ್ಲದ ಕಾರಣ ಪರಿಗಣಿಸಲಾಗಿಲ್ಲ. ಅವರ ಬಳಿ ಇನ್ನೊಂದು ಕಾಲಿನ ಚಪ್ಪಲಿಯೂ ಇದೆಯೆಂಬುದನ್ನು ಆತಂಕದಿಂದ ಗಮನಿಸಲಾಗಿದೆ.

೬. ಡಾ. ರೆನ್ನಿ ಅವರು “ಬೇಕಾದ್ರೆ ಫೇಲ್ ಮಾಡಿ ಸಾರ್, ಬಾಗಿಲು ಮಾತ್ರ ಮುಟ್ಬೇಡಿ” ಎಂದಿರುತ್ತಾರೆ. ಇದು ಶುದ್ಧ ಅಧಿಕಪ್ರಸಂಗ. ಅವರ ಹಿತಕ್ಕಾಗಿ ಕೈಗೊಂಡ ಕ್ರಮಕ್ಕೆ ಅವರ ಒಪ್ಪಿಗೆ ಬೇಕಾಗಿಲ್ಲ.

ಸಹಿ/- (ಆಗಿಲ್ಲ)
ನಿರ್ದೇಶಕರು

ಷರಾ: ನಿರ್ದೇಶಕರು ಮಂಡಿ ಶಸ್ತ್ರಚಿಕಿತ್ಸೆಯಾಗಿ, ಬೇರೆಲ್ಲೂ ಹಾಸಿಗೆ ಸಿಗದೆ, ಸದರಿ ವಾರ್ಡಿನಲ್ಲೇ ಮಲಗಿದ್ದಾರೆ. ಸಹಿಗಾಗಿ ಎಬ್ಬಿಸಲಾಗಿ, ಅರೆಗಣ್ಣು ತೆರೆದು, “ಆ ಹುಡುಗಿ ಪಾಸು ಕಣಯ್ಯಾ. ಬಾಗಿಲು ಮೆಲ್ಲಗೆ ಹಾಕ್ಕೊಂಡು ಹೋಗು” ಎಂದು ಮಗ್ಗುಲಾಗಿರುತ್ತಾರೆ. ಸದರಿ ಮಾತಿಗೆ ಕಡತ ಸಂಖ್ಯೆ ಇನ್ನೂ ದೊರೆತಿಲ್ಲ.

ಆಲಿಸ್ಟರ್ ಮಚ್, ಉಪನಿರ್ದೇಶಕರು

ಪ್ರತಿಗಳು:
ಸಿಸ್ಟರ್ ಸ್ಟ್ರಾಕನ್ ಅವರಿಗೆ: ಮಾಹಿತಿಗಾಗಿ. ವಾರ್ಡಿನಲ್ಲಿ ಜೋರಾಗಿ ಓದಿ ನಗಿಸಕೂಡದು.
ಬಡಗಿ ವಿಭಾಗಕ್ಕೆ: ಹಿಂದಿನ ಪತ್ರಗಳಿಗೂ ಉತ್ತರ ಬಂದಿಲ್ಲ.
ಡಾ. ರೆನ್ನಿ ಅವರಿಗೆ: ನಿರ್ದೇಶಕರು ಎದ್ದ ಮೇಲೆ.
ನಿರ್ದೇಶಕರಿಗೆ: ಎದ್ದ ಮೇಲೆ. ಎಬ್ಬಿಸಕೂಡದು.