ಮಾವನ ಕಾರಿನ ಎಡಗಡೆ ಕಿಟಕಿ

ನಮ್ಮ ಸೋದರಮಾವನನ್ನು ಸಾವಿನ ಮನೆಗೆ ಮಾತ್ರ ಕರೆದುಕೊಂಡು ಹೋಗಬೇಡಿ! ಅವರು ಕೆಟ್ಟವರೇನಲ್ಲ. ಕಣ್ಣೀರೂ ಹಾಕುತ್ತಾರೆ, ಹೆಗಲೂ ಕೊಡುತ್ತಾರೆ. ಆದರೆ ಕಣ್ಣೊರೆಸಿಕೊಳ್ಳುತ್ತಲೇ ಆ ಮನೆಯ ಶೆಡ್ಡಿನ ಕಡೆ ಇಣುಕುತ್ತಿರುತ್ತಾರೆ. ಈಚೆಗೆ ಬೂದಿಗೆರೆಯಲ್ಲಿ ದೂರದ ನೆಂಟರೊಬ್ಬರು ತೀರಿಕೊಂಡಾಗ ಅವರ ಮಗನ ಕೈ ಹಿಡಿದು, "ಅಪ್ಪಾಜಿ ಹೋಗ್ಬಿಟ್ರಲ್ಲಪ್ಪಾ..." ಎಂದು ಗದ್ಗದಿತರಾದರು. ಆತ ಇನ್ನೇನು ಇವರ ಹೆಗಲ ಮೇಲೆ ತಲೆಯಿಡಬೇಕು, ಅಷ್ಟರಲ್ಲಿ ಮಾವ ಕೇಳಿಯೇಬಿಟ್ಟರು: "ಅವರ್ದೊಂದು ಅಂಬಾಸಿಡರ್ ಇತ್ತಲ್ಲ, ಅದಿದ್ಯಾ?" ತಿಥಿ ಊಟಕ್ಕೆ ನಮ್ಮನ್ನು ಯಾರೂ ಕರೆಯಲಿಲ್ಲ.

ಮಾವನ ಬಳಿಯೂ ಒಂದು ಅಂಬಾಸಿಡರ್ ಇದೆ, ಅವರ ಅಪ್ಪ ಕೊಂಡದ್ದು. ದೊಡ್ಡಬಳ್ಳಾಪುರದ ಅವರ ಮಗ್ಗದ ಮನೆಯ ಪಕ್ಕದಲ್ಲಿ ಅದು ಬಹಳ ವರ್ಷ ಕೋಳಿಗಳಿಗೆ ಹೆರಿಗೆ ಆಸ್ಪತ್ರೆಯಾಗಿತ್ತು. ಅಂಥ ಗಾಡಿಯನ್ನು ಬಿಚ್ಚಿ, ತೊಳೆದು, ಮತ್ತೆ ಕಟ್ಟಿ ನಿಲ್ಲಿಸಿದರು ನೋಡಿ, ಮುಖ ನೋಡಿಕೊಂಡು ತಲೆ ಬಾಚಬಹುದು! ದೇವನಹಳ್ಳಿಯ ಹಳೇ ಕಾರುಗಳ ಮೇಳದಲ್ಲಿ ಪೂರ್ತಿ ಅಸಲಿಯಾಗಿರುವ ಕಾರಿಗೊಂದು ಬಹುಮಾನ ಕೊಡುತ್ತಾರೆ. ಅದನ್ನು ಗೆಲ್ಲಬೇಕೆಂಬುದೇ ಮಾವನಿಗಿದ್ದ ಏಕೈಕ ಆಸೆ. ಹಾಗಾಗಿ ಕಾರಿನ ಒಂದೊಂದು ಭಾಗವೂ ಅದು ಹುಟ್ಟಿದ ಕಾಲದ್ದೇ ಆಗಿರಬೇಕು. ಈಗಿನ ಪ್ಲಸ್ ತಲೆಯ ಸ್ಕ್ರೂ ಕಂಡರೆ ಸಾಕು, ಅವರಿಗೆ ಮೈಯೆಲ್ಲ ಉರಿ! ಸೀರೆಯಂಚಿನಲ್ಲಿ ಒಂದೆಳೆ ಬಣ್ಣ ತಪ್ಪಿದರೂ ಮಗ್ಗ ನಿಲ್ಲಿಸುವ ಮನುಷ್ಯ, ಕಾರನ್ನು ಬಿಡುತ್ತಾರೆಯೇ?

ಹುಡುಕಿ ಹುಡುಕಿ ಎಲ್ಲವೂ ಸಿಕ್ಕಿತು. ಒಂದೇ ಒಂದು ಸಿಗಲಿಲ್ಲ: ಎಡಗಡೆ ಮುಂದಿನ ಕಿಟಕಿಯ ಗಾಜನ್ನು ಇಳಿಸಿ ಏರಿಸುವ ಹಿಡಿ. ಅದು ನಮ್ಮ ಅತ್ತೆ ಕೂರುವ ಜಾಗ. ಅತ್ತೆಗೋ, ಕಿಟಕಿ ಮುಚ್ಚಿದ ಕಾರಿನಲ್ಲಿ ಕೂತರೆ ಊರು ದಾಟುವಷ್ಟರಲ್ಲಿ ವಾಂತಿ! ಹೀಗಾಗಿ ಗಂಡನ ಕಾರು ಬಾಗಿಲಲ್ಲೇ ಹೊಳೆಯುತ್ತಾ ನಿಂತಿದ್ದರೂ ಅತ್ತೆ ತವರಿಗೆ ಹೋಗುತ್ತಿದ್ದದ್ದು ಬಸ್ಸಿನಲ್ಲೇ.

"ಯಾವ್ದೋ ಒಂದು ಹಿಡಿ ಹಾಕ್ಸ್ರೀ. ತಿರುಗಿದ್ರೆ ಸಾಕು," ಎನ್ನುವರು ಅತ್ತೆ.

"ಯಾವ್ದೋ ಒಂದಾ? ಲೇ, ಆ ಕಾಲದ್ದೇ ಆಗ್ಬೇಕು ಕಣೇ!"

"ನನ್ ಬಾಯಲ್ಲಿ ಆ ಕಾಲದ ಹಲ್ಲೇ ಉಳಿದಿಲ್ಲ. ಅದನ್ನೂ ಹುಡುಕ್ಕೊಂಡ್ ಬನ್ನಿ!"

ಮಾವ ಒಂದು ಕ್ಷಣ ಅದನ್ನೂ ಯೋಚಿಸಿದಂತೆ ಕಂಡರು.

ಒಮ್ಮೆ ನಾವಿಬ್ಬರೂ ಸ್ಕೂಟರಿನಲ್ಲಿ ನೆಲಮಂಗಲಕ್ಕೆ ಹೋಗುತ್ತಿದ್ದೆವು. ಎದುರಿನಿಂದ ಹಳೆಯ ಅಂಬಾಸಿಡರೊಂದು ಹಾದುಹೋಯಿತು. "ತಿರುಗ್ಸೋ ಅಳಿಯ, ತಿರುಗ್ಸು!" ಎಂದು ಮಾವ ನನ್ನ ಬೆನ್ನಿಗೆ ಗುದ್ದಿದರು. ತಿರುಗಿಸಿದೆ. ಮಾವ ಹಿಂದಿನ ಸೀಟಿನಿಂದ ಅರ್ಧ ಎದ್ದು, ಟವೆಲ್ ಬೀಸುತ್ತಾ, "ನಿಲ್ಸಪ್ಪೋ!" ಎಂದು ಅರಚತೊಡಗಿದರು. ಆ ಡ್ರೈವರ್ ಗಾಬರಿಬಿದ್ದು ಇನ್ನೂ ಜೋರಾಗಿ ಓಡಿಸಿದ. ನೀವಾಗಿದ್ದರೂ ಓಡಿಸುತ್ತಿರಲಿಲ್ಲವೇ? ಗೋಡೌನುಗಳ ಹತ್ತಿರ ಲಾರಿಗಳು ಅಡ್ಡ ಬಂದದ್ದರಿಂದ ಪಾಪ, ಸಿಕ್ಕಿಬಿದ್ದ.

"ಏನ್ರೀ, ಪೊಲೀಸಾ? ಫೈನಾನ್ಸ್‌ನೋರಾ?" ಎಂದ ನಡುಗುತ್ತಾ.

"ಎರಡೂ ಅಲ್ಲ ಗುರು. ನಿನ್ ಎಡಗಡೆ ಕಿಟಕಿ ಹಿಡಿ ಒಂದ್ಸಲ ತಿರುಗ್ಸಿ ನೋಡ್ಲಾ?"

ಡ್ರೈವರ್ ನನ್ನ ಕಡೆ ವಾಲಿ, "ಡಾಕ್ಟ್ರಿಗೆ ತೋರ್ಸಿದ್ದೀರಾ?" ಎಂದು ಪಿಸುಗುಟ್ಟಿದ.

ಹಿಡಿ ಅಸಲಿಯಾಗಿತ್ತು! ಆತನ ಕಾರಿಗೆ ಹೊಸ ಹಿಡಿ ಹಾಕಿಸಿ, ಅವನ ಹೆಂಡತಿಗೆಂದು ನಮ್ಮ ಮಗ್ಗದ್ದೇ ಒಂದು ರೇಷ್ಮೆ ಸೀರೆ ಕೊಡುವುದೆಂದು ಒಪ್ಪಂದವಾಯಿತು. "ಇನ್ನೊಂದು ಸೀರೆ ಕೊಟ್ರೆ ಬಾಗಿಲೂ ಬಿಚ್ಕೊಡ್ತೀನಿ ಸಾರ್," ಎಂದ ಆ ಮಹಾನುಭಾವ.

ಹಿಡಿ ಕೂರಿಸಿದ ದಿನ ಒಂದು ಸುತ್ತು ಹೋಗಿಬರಲೆಂದು ಅತ್ತೆ ಒಳ್ಳೆಯ ಸೀರೆಯುಟ್ಟು, ಹೂ ಮುಡಿದು, ಮುಂದಿನ ಸೀಟಿನಲ್ಲಿ ಕೂತರು. ಹಿಡಿ ಹಿಡಿದು ತಿರುಗಿಸಿದರು. ತಿರುಗಲಿಲ್ಲ. ಹಿಡಿಯದ್ದೇನೂ ತಪ್ಪಿರಲಿಲ್ಲ, ಮಾವ ಮುಟ್ಟಿದರೆ ಸಲೀಸಾಗಿ ತಿರುಗುತ್ತಿತ್ತು. ಅತ್ತೆ ಮದುವೆಯಾಗಿ ಬಂದಾಗಿನಿಂದ ಮಗ್ಗದ ಮುಂದೆ ಕೂತು ಹಳೆಯ ಎಳೆಗೆ ಹೊಸ ಎಳೆ ಹೊಸೆದು ಸೇರಿಸಿದವರು. ಬೆರಳುಗಳ ಗಂಟುಗಳು ಊದಿಹೋಗಿದ್ದವು. ಆ ಹಿಡಿಯ ತುದಿಯ ಗುಂಡಿಯೋ, ಕಡಲೆಕಾಯಿಯಷ್ಟು. ಬೆರಳಿಗೆ ಸಿಗುತ್ತಲೇ ಇರಲಿಲ್ಲ.

"ನಾನೇ ಇಳಿಸಿಟ್ಟು ಹೊರಡ್ತೀನಿ ಬಿಡು," ಎಂದರು ಮಾವ.

"ಲಾರಿ ಧೂಳು ಬಂದಾಗೆಲ್ಲ ಕಾರ್ ನಿಲ್ಸಿ ಏರಿಸ್ತೀರಾ? ಇರ್ಲಿ, ಮೇಳಕ್ಕೆ ನೀವು ಕಾರಲ್ಲಿ ಹೋಗಿ. ನಾನು ಬಸ್ಸಲ್ಲಿ ಬರ್ತೀನಿ." ಅತ್ತೆ ನಗುತ್ತಲೇ ಇಳಿದು ಒಳಗೆ ಹೋದರು.

ಮಾವ ಮಗ್ಗದ ಮನೆಗೆ ಹೋಗಿ ಸವೆದ ಮರದ ಲಾಳಿಯೊಂದನ್ನು ತಂದು ತುಂಡು ಮಾಡಿದರು. ಅದನ್ನು ಉಜ್ಜುವುದು, ಅಡುಗೆಮನೆಗೆ ಹೋಗಿ ಅತ್ತೆಯ ಅಂಗೈಗೆ ಹಿಡಿಸಿ ನೋಡುವುದು, ಬಂದು ಮತ್ತೆ ಉಜ್ಜುವುದು. "ಸಾರು ಕುದಿಸೋಕೆ ಬಿಡ್ತೀರೋ ಇಲ್ವೋ?" ಎಂದು ಅತ್ತೆ ರೇಗಿದರು. ಕೊನೆಗೆ ಸೀಬೆಕಾಯಿ ಗಾತ್ರದ ಮರದ ಗುಂಡೊಂದು ತಯಾರಾಯಿತು. ಆಮೇಲೆ ಮಾವ ಗರಗಸ ತೆಗೆದುಕೊಂಡು, ಊರೂರು ಅಲೆದು ತಂದ ಆ ಅಸಲಿ ಹಿಡಿಯ ಗುಂಡಿಯನ್ನು ಕುಯ್ದೇಬಿಟ್ಟರು! ನನಗೇ ನೋಡಲಾಗದೆ ಕಣ್ಣು ಮುಚ್ಚಿಕೊಂಡೆ. ಆ ಜಾಗಕ್ಕೆ ಮರದ ಗುಂಡು ಬಂತು.

ಮೇಳಕ್ಕೆ ಅತ್ತೆ ಕಾರಿನಲ್ಲೇ ಬಂದರು. ದಾರಿಯುದ್ದಕ್ಕೂ ಲಾರಿ ಬಂದರೆ ಗಾಜು ಮೇಲೆ, ಹೋದರೆ ಕೆಳಗೆ. ಬೇಕಿಲ್ಲದಿದ್ದರೂ ಎರಡು ಸಲ ತಿರುಗಿಸಿದರೆಂದು ನನ್ನ ಗುಮಾನಿ. ವಾಂತಿಯ ಸುದ್ದಿಯೇ ಇಲ್ಲ.

ಮೇಳದಲ್ಲಿ ತೀರ್ಪುಗಾರರೊಬ್ಬರು ಬಂದು ಕಾರಿನ ಮೂಲೆ ಮೂಲೆಯನ್ನೂ ನೋಡಿದರು. ನೋಡುತ್ತಾ ನೋಡುತ್ತಾ ಅವರ ಮುಖ ಅರಳಿತು. ಅತ್ತೆ ಕೂತಿದ್ದ ಕಿಟಕಿಗೆ ಬಂದು ಬಗ್ಗಿದವರು ಹಾಗೇ ನಿಂತುಬಿಟ್ಟರು.

"ಇದೇನ್ ಸಾರ್? ಎಲ್ಲಾ ಅಸಲಿ ಇಟ್ಟು ಇದೊಂದನ್ನ ಕೆಡಿಸ್ಬಿಟ್ಟಿದ್ದೀರಲ್ಲ. ಇದು ಆ ಕಾಲದ್ದಲ್ವಲ್ಲ? ಬಹುಮಾನ ನಿಮ್ದೇ ಆಗ್ತಿತ್ತು."

ಅತ್ತೆಯ ಮುಖ ಸಪ್ಪಗಾಯಿತು. ಕೈಯನ್ನು ಮೆಲ್ಲಗೆ ಸೆರಗಿನೊಳಗೆ ಎಳೆದುಕೊಂಡರು.

ಮಾವ ಕಿಟಕಿಯೊಳಗೆ ತೋಳು ಚಾಚಿ, ಆ ಕೈಯನ್ನು ಸೆರಗಿನಿಂದ ಈಚೆ ತೆಗೆದು, ಮರದ ಗುಂಡಿನ ಮೇಲಿಟ್ಟರು.

"ಹಿಡಿಯೋ ಕೈ ಈ ಕಾಲದ್ದು ಸಾರ್," ಎಂದರು.