ಒಂದೇ ಒಂದು ಚಮಚ

ಬೇರೆಯವರಿಗೆ ಬುದ್ಧಿ ಹೇಳುವುದರಷ್ಟು ಸುಖದ ಕೆಲಸ ಇನ್ನೊಂದಿಲ್ಲ. ನನಗಂತೂ ಅದಕ್ಕೆ ಸರ್ಕಾರ ಸಂಬಳ ಬೇರೆ ಕೊಡುತ್ತಿತ್ತು. ಹಾನುಬಾಳು ಕಡೆಯ ಉಪಕೇಂದ್ರದಲ್ಲಿ ನಾನು ನರ್ಸಮ್ಮ. ಎಸ್ಟೇಟಿನ ಕೂಲಿಯವರ ಲೈನುಮನೆಗಳ ಬಸುರಿಯರನ್ನು ಕಾಫಿ ಒಣಗಿಸುವ ಕಣದಲ್ಲಿ ಕೂರಿಸಿಕೊಂಡು, ಆರು ತಿಂಗಳು ತುಂಬುವವರೆಗೆ ಮಗುವಿಗೆ ಎದೆಹಾಲು ಒಂದೇ, ಜೇನುತುಪ್ಪ, ಬಜೆ, ಸಕ್ಕರೆ ನೀರು ಏನೂ ಬೇಡ ಎಂದು ಗಂಟಲು ಹರಿಯುವಂತೆ ಹೇಳುತ್ತಿದ್ದೆ. ಹಸು ಕರು ಹಾಕಿದರೆ ಗಿಣ್ಣಿಗಾಗಿ ಪಾತ್ರೆ ಹಿಡಿದು ಪಕ್ಕದ ಮನೆಗೆ ಓಡುವ ನಮ್ಮ ಜನ, ತಾಯಿಯ ಮೊದಲ ಹಳದಿ ಹಾಲನ್ನು ಮಾತ್ರ ಕೆಟ್ಟದ್ದೆಂದು ಹಿಂಡಿ ಚೆಲ್ಲುತ್ತಿದ್ದರು. ಇದನ್ನು ಹೇಳಿದಾಗ ಬಸುರಿಯರು ನಗುತ್ತಿದ್ದರು, ಅತ್ತೆಯಂದಿರು ಮುಖ ತಿರುಗಿಸುತ್ತಿದ್ದರು. "ಒಂದ್ ತೊಟ್ಟು ನೀರೂ ಬ್ಯಾಡ್ವಾ ಸಿಸ್ಟರೇ? ಬೇಸ್ಗೇಲೂ?" ಎಂದು ಎರಡನೆಯ ಸಲ ಬಸುರಿಯಾಗಿದ್ದ ಪುಟ್ಟಲಕ್ಷ್ಮಿ ಪ್ರತಿ ಸಲ ಕೇಳುತ್ತಿದ್ದಳು. "ಬೇಸಿಗೇಲೂ ಬೇಡ" ಎಂದು ನಾನೂ ಪ್ರತಿ ಸಲ ಗದರುತ್ತಿದ್ದೆ.

ಅಷ್ಟರಲ್ಲಿ ನನ್ನ ಮಗಳು ವಾಣಿಯ ಹೆರಿಗೆಯಾಯಿತು. ಮೂರನೆಯ ದಿನ ಬೆಳಿಗ್ಗೆಯಿಂದ ಮೊಮ್ಮಗಳು ಒಂದೇ ಸಮನೆ ಅತ್ತಳು. "ಅಮ್ಮಾ, ನನಗೆ ಹಾಲೇ ಬರ್ತಿಲ್ಲ" ಎಂದು ವಾಣಿಯೂ ಅತ್ತಳು. ನನ್ನ ಕಾಲು ಒಂದು ಕಡೆ ನಿಲ್ಲಲಿಲ್ಲ. ಒಲೆ ಹಚ್ಚಿದೆ, ಆರಿಸಿದೆ. ಕಿಟಕಿ ತೆಗೆದೆ, ಮುಚ್ಚಿದೆ. ಕೂಸನ್ನು ಜೋಲಿಯಲ್ಲಿಟ್ಟು ತೂಗುವ ಉಪಕೇಂದ್ರದ ತಕ್ಕಡಿಯನ್ನು ತಂದು ತೊಲೆಗೆ ನೇತುಹಾಕಿ, ಅರ್ಧ ಗಂಟೆಗೊಮ್ಮೆ ಮೊಮ್ಮಗಳನ್ನು ತೂಗಿದೆ. ಹುಟ್ಟಿದ ಮಗುವಿನ ತೂಕ ಮೊದಲ ಕೆಲವು ದಿನ ತುಸು ಇಳಿಯುವುದು ಸಹಜ ಎಂದು ಕಣದಲ್ಲಿ ಬಡಕೊಂಡವಳೂ ನಾನೇ. ಆದರೂ ತಕ್ಕಡಿಯ ಮುಳ್ಳು ಇಳಿದಂತೆ ಕಂಡಾಗಲೆಲ್ಲ ಮತ್ತೊಮ್ಮೆ ತೂಗುತ್ತಿದ್ದೆ. ಕೊನೆಗೆ ತಡೆಯಲಾರದೆ ಲೋಟದಲ್ಲಿ ಸಕ್ಕರೆ ನೀರು ಕದಡಿ, ಚಮಚ ತುಂಬಿಕೊಂಡು ತಕ್ಕಡಿಯ ಜೋಲಿಯಲ್ಲಿದ್ದ ಮಗುವಿನ ಹತ್ತಿರ ಹೋದೆ.

ಬಿಪಿ ನೋಡಿಸಲು ನನ್ನ ಮನೆಗೇ ಬಂದ ಪುಟ್ಟಲಕ್ಷ್ಮಿ ಬಾಗಿಲಲ್ಲಿ ನಿಂತಿದ್ದಳು. ಚಮಚವನ್ನೊಮ್ಮೆ, ನನ್ನನ್ನೊಮ್ಮೆ ನೋಡಿದಳು. ಸಂಜೆಯೊಳಗೆ ಸುದ್ದಿ ಇಡೀ ಲೈನಿಗೆ ಹಬ್ಬುತ್ತದೆ, ಇಷ್ಟು ವರ್ಷ ಹೇಳಿದ್ದೆಲ್ಲ ಮಣ್ಣುಪಾಲು ಎನಿಸಿ ನನಗೆ ನಾಚಿಕೆಯೂ ಭಯವೂ ಆಯಿತು. "ಒಂದೇ ಒಂದು ಚಮಚ ಕಣೇ" ಎಂದೆ. ಇದೇ ಮಾತು ಹೇಳಿದ ಎಷ್ಟೋ ಅತ್ತೆಯಂದಿರನ್ನು ನಾನು ತರಾಟೆಗೆ ತೆಗೆದುಕೊಂಡಿದ್ದೆ.

"ಮಗು ಬಾಯಿ ಹಾಕೋಷ್ಟರಲ್ಲಿ ಅಮ್ಮ ತೂಗೋಕೆ ಎತ್ಕೊಂಡು ಹೋಗ್ತಾರೆ" ಎಂದು ವಾಣಿ ಒಳಗಿನಿಂದ ದೂರು ಹೇಳಿದಳು.

"ಹಂಗ್ ಕಿತ್ಕಂಡ್ ಹೋದ್ರೆ ಅದು ಕುಡಿಯಾದ್ ಯಾವಾಗ ಸಿಸ್ಟರೇ? ಮೊದ್ಲು ಮಗೀನ ಇಳ್ಸಿ ಅಕ್ಕಾರ ಕೈಗೆ ಕೊಡಿ" ಎಂದ ಪುಟ್ಟಲಕ್ಷ್ಮಿ, ವಾಣಿಯ ಬೆನ್ನಿಗೆ ದಿಂಬು ಕೊಟ್ಟಳು. ಕಣದಲ್ಲಿ ನಾನು ಹೇಳಿದ್ದನ್ನೇ ನನಗಿಂತ ಮೆತ್ತಗೆ ಹೇಳಿದಳು: "ಮಗೀನ ಹೊಟ್ಟೆ ನಿಮ್ ಹೊಟ್ಟೆಗೆ ತಾಗ್ಲಿ ಅಕ್ಕಾ. ಬಾಯಿ ಅಗಲುಕ್ಕೆ ತಗೀಲಿ, ಆಮ್ಯಾಕ್ ಕೊಡಿ. ಚೀಪ್ದಂಗೆಲ್ಲ ಹಾಲು ಬತ್ತದೆ."

ಸ್ವಲ್ಪ ಹೊತ್ತಿಗೆ ಅಳು ನಿಂತು, ಗುಟುಕು ಗುಟುಕಾಗಿ ನುಂಗುವ ಸದ್ದು ಕೇಳಿಸಿತು. ವಾಣಿ ನಕ್ಕಳು. ಈಗ ಮನೆಯಲ್ಲಿ ಅಳುತ್ತಿದ್ದವಳು ನಾನೊಬ್ಬಳೇ.

"ಈ ಸಕ್ಕರೆ ನೀರನ್ನ ಏನು ಮಾಡ್ಲಿ?" ಎಂದು ಮೂಗು ಒರೆಸಿಕೊಳ್ಳುತ್ತಾ ಕೇಳಿದೆ.

"ಅಳೋರಿಗೆ ಅಂತ ತಾನೇ ಮಾಡಿದ್ದು? ನೀವೇ ಕುಡೀರಿ ಸಿಸ್ಟರೇ."

ನನಗೆ ಆರು ತಿಂಗಳು ತುಂಬಿ ಬಹಳ ವರ್ಷಗಳಾಗಿದ್ದರಿಂದ, ಕುಡಿದೆ.