ಫೋನ್ ಎತ್ತುವವರು ಬೇಕಾಗಿದ್ದಾರೆ

"ಎಲ್ಲಾ ಸರಿಯಾಗಿದೆ ಸರ್. ನಿಮ್ಮ ಕಡೆಯಿಂದ ಊರಲ್ಲಿ ಫೋನ್ ಎತ್ತೋರು ಯಾರು ಅಂತ ಮಾತ್ರ ಹೇಳಿಲ್ಲ," ಎಂದ ಕಚೇರಿಯ ಗುಮಾಸ್ತ. ಭೂಗೋಳದ ಮೇಷ್ಟ್ರ ಫಜೀತಿ ಶುರುವಾದದ್ದೇ ಅಲ್ಲಿಂದ.

ವಿಶ್ವವಿದ್ಯಾಲಯದ ಹದಿನೈದು ವಿದ್ಯಾರ್ಥಿಗಳನ್ನು ಮುಂದಿನ ತಿಂಗಳು ಮೂರು ವಾರ ಹೊರದೇಶಕ್ಕೆ ಕರೆದೊಯ್ದು, ಒಂದು ದೊಡ್ಡ ನದಿ ಸಮುದ್ರ ಸೇರುವ ಕಡೆ ಪಾಠ ಮಾಡುವುದು ಮೇಷ್ಟ್ರ ಯೋಜನೆ. ಆ ನದಿಯನ್ನು ಅವರು ಕಪ್ಪುಹಲಗೆಯ ಮೇಲೆ ಬರೆದು ಒರೆಸಿದ್ದಕ್ಕೆ ಲೆಕ್ಕವಿಲ್ಲ, ಕಣ್ಣಾರೆ ಕಂಡಿರಲಿಲ್ಲ. ಇರಲು ಹಾಸ್ಟೆಲು, ಓಡಾಡಲು ಬಸ್ಸು, ತಂದೆತಾಯಿಗಳ ಒಪ್ಪಿಗೆ, ಎಲ್ಲಾ ಒಬ್ಬರೇ ಒದ್ದಾಡಿ ಹೊಂದಿಸಿದ್ದರು. ನಿಜ ಹೇಳಬೇಕೆಂದರೆ, ನದಿಗಿಂತ ಹೆಚ್ಚಾಗಿ ಅವರ ಮನಸ್ಸು ಹಿಡಿದದ್ದು ಆ ಹಾಸ್ಟೆಲಿನ ಉದ್ದನೆಯ ಊಟದ ಮೇಜು. ಹೆಂಡತಿ ತೀರಿಕೊಂಡ ಮೇಲೆ ಗೋಡೆ ನೋಡಿಕೊಂಡು ಉಣ್ಣುತ್ತಿದ್ದ ಮನುಷ್ಯ. ಮೂರು ವಾರವಾದರೂ "ಇನ್ನೊಂಚೂರು ಹಾಕ್ಲಾ ಸರ್?" ಎನ್ನುವವರು ಎದುರಿಗಿರುತ್ತಾರಲ್ಲ ಎಂಬ ಆಸೆ.

ಹೊರಡುವ ಅಧ್ಯಾಪಕರ ಕಡೆಯವರೊಬ್ಬರು ಊರಲ್ಲೇ ಇದ್ದು ಯಾವ ಹೊತ್ತಿನಲ್ಲೂ ಫೋನ್ ಎತ್ತಬೇಕು ಎಂಬ ನಿಯಮ ಮಾಡಿಸಿದ್ದೂ ಅವರೇ! ಮಕ್ಕಳ ಕ್ಷೇಮಕ್ಕೆಂದು ಸಭೆಯಲ್ಲಿ ಮೇಜು ಕುಟ್ಟಿ ಹೇಳಿದ್ದರು. ತಾನು ತೋಡಿದ ಹಳ್ಳಕ್ಕೆ ತಾನೇ ಬೀಳುವುದು ಅಂದರೆ ಇದೇ.

"ಸಂಜೆ ಕುಲಪತಿಗಳು ಸಹಿ ಹಾಕೋದ್ರೊಳಗೆ ಒಂದು ಹೆಸರು ಕೊಡಿ ಸರ್. ಇಲ್ದಿದ್ರೆ ನೀವು ಹೋಗೋ ಹಾಗಿಲ್ಲ," ಎಂದ ಗುಮಾಸ್ತ.

ಅಷ್ಟರಲ್ಲಿ ಜೇಬಿನ ಫೋನ್ ಬಡಿದುಕೊಂಡಿತು. "ಸರ್, ವಿಮೆ ಮಾಡಿಸ್ತೀರಾ? ಮನೇಲಿ ಎಷ್ಟು ಜನ?" ದಿನಾ ಕಾಡುವ ಅದೇ ಹುಡುಗಿ.

"ನಿಂಗೆ ಬೇರೆ ಕೆಲಸ ಇಲ್ವೇನಮ್ಮಾ?" ಎಂದು ಗದರಿ ಕಟ್ ಮಾಡಿದರು.

ಮೊದಲು ಪಕ್ಕದ ಕುರ್ಚಿಯ ಇತಿಹಾಸದ ಮೇಡಂ ಹತ್ತಿರ ಹೋಗಿ ಕೈ ಹಿಸುಕಿಕೊಂಡರು. "ಮೂರೇ ವಾರ ಮೇಡಂ. ಫೋನ್ ಬಂದ್ರೆ ಎತ್ತಿದ್ರೆ ಸಾಕು."

"ಅದಕ್ಕೇನಂತೆ! ಅಂದಹಾಗೆ ಅಲ್ಲಿ ಹಳೇ ಕೋಟೆ ಇದೆ ಅಲ್ವಾ?"

"ಇದೆ. ನದಿ ದಡದಲ್ಲೇ."

"ಅಯ್ಯೋ, ಕೋಟೆ ಬಗ್ಗೆ ನೀವೇನ್ರೀ ಹೇಳ್ತೀರಾ? ನಾನೂ ಬರ್ತೀನಿ. ನಮ್ಮನೇಲಿ ಫೋನ್ ಎತ್ತೋಕೆ ಅತ್ತೆ ಇದಾರೆ, ಫೋನ್ ಬರ್ಲಿ ಅಂತಾನೇ ಕಾಯ್ತಿರ್ತಾರೆ!"

ಮೇಷ್ಟ್ರು ಮೈದಾನಕ್ಕೆ ಓಡಿದರು. ವ್ಯಾಯಾಮದ ಮೇಷ್ಟ್ರು ಸೀಟಿಯನ್ನು ಬಾಯಿಂದ ತೆಗೆದು, "ನದಿ ಅಂತೀರಾ, ನಿಮಗೆ ಈಜು ಬರುತ್ತಾ?" ಎಂದರು.

"ಇಲ್ಲ."

"ಯಾರಾದ್ರೂ ಬಿದ್ರೆ? ನಾನಿಲ್ದೆ ಆಗಲ್ಲ ಬಿಡಿ. ನನ್ ಹೆಂಡ್ತಿಗೆ ಈಗ್ಲೇ ಹೇಳ್ತೀನಿ."

ಕೊನೆಗೆ ವಿಭಾಗದ ಮುಖ್ಯಸ್ಥರು. "ನಾನು ನಿಮಗೆ ಅಣ್ಣ ಇದ್ದ ಹಾಗೆ ಕಣ್ರೀ," ಎಂದು ಅವರು ಬೆನ್ನು ತಟ್ಟಿದರು. ಅಣ್ಣನೆನಿಸಿಕೊಂಡವರು ಸುದ್ದಿಯೆಲ್ಲಾ ಕೇಳಿ, "ಮೂರು ಜನ ಅಧ್ಯಾಪಕರು ಹೋಗಬಹುದು ಅಂತಿದೆ. ಇಷ್ಟು ದೊಡ್ಡ ತಂಡಕ್ಕೆ ಹಿರಿಯರೊಬ್ಬರು ಬೇಡ್ವೇ?" ಎಂದರು. ಅವರ ಮನೆಯಲ್ಲಿ ಫೋನ್ ಎತ್ತಲು ಒಂದು ಪಾಳಯವೇ ಇತ್ತು.

ಸಂಜೆ ಕುಲಪತಿಗಳ ಕೋಣೆಯಲ್ಲಿ ನಾಲ್ವರೂ ನಿಂತರು.

"ಈ ಮೂವರಿಗೂ ಮನೇಲಿ ಜನ ಇದಾರೆ. ನಿಮಗೆ?" ಎಂದರು ಕುಲಪತಿಗಳು.

"ಯಾರೂ ಸಿಗ್ಲಿಲ್ಲ ಸರ್," ಎಂದರು ಮೇಷ್ಟ್ರು.

"ನಿಯಮ ನಿಮ್ಮದೇ ಅಲ್ವೇನ್ರೀ?"

ಇತಿಹಾಸದ ಮೇಡಂ ಮರುಗಿ ದಾರಿ ತೋರಿಸಿದರು. "ಸರ್, ಮಕ್ಕಳ ತಂದೆತಾಯಿಗಳ ಫೋನ್ ಎತ್ತೋಕೆ ಇಲ್ಲೂ ಒಬ್ರು ಬೇಕಲ್ಲ? ಇವ್ರೇ ಸರಿ. ನಡುರಾತ್ರಿ ಫೋನ್ ಬಂದ್ರೂ ಮನೇಲಿ ಯಾರ ನಿದ್ದೇನೂ ಕೆಡಲ್ಲ!"

ಎಲ್ಲರೂ ಪ್ರೀತಿಯಿಂದಲೇ ತಲೆಯಾಡಿಸಿದರು. ಕುಲಪತಿಗಳು ಸಹಿ ಹಾಕಿದರು. ಆ ಉದ್ದನೆಯ ಊಟದ ಮೇಜು ಮೇಷ್ಟ್ರ ಕೈತಪ್ಪಿತು. ಆದರೂ, ಇನ್ನು ಮೇಲೆ ಫೋನಾದರೂ ಬರುತ್ತದಲ್ಲ ಎಂದು ತಮಗೆ ತಾವೇ ಸಮಾಧಾನ ಹೇಳಿಕೊಂಡರು.

ಹೊರಗೆ ಗುಮಾಸ್ತ ಅಡ್ಡ ನಿಂತ. "ಸರ್, ಊರಲ್ಲಿ ಉಳಿಯೋರಿಗೂ ಅದೇ ನಿಯಮವಂತೆ. ನಿಮಗೇ ಏನಾದ್ರೂ ಆದ್ರೆ ನಾವು ಯಾರಿಗೆ ತಿಳಿಸೋದು?"

"ನೀನೇ ಇದೀಯಲ್ಲಪ್ಪಾ."

"ನಾನಾ? ಖರ್ಚು ವೆಚ್ಚ ನೋಡ್ಕೊಳ್ಳೋಕೆ ನಂಗೂ ಬಾ ಅಂದಿದಾರೆ ಸರ್!"

ಖಾಲಿ ವರಾಂಡದಲ್ಲಿ ಫೋನ್ ಹೊಡೆದುಕೊಂಡಿತು. ವಿಮೆಯ ಹುಡುಗಿ. ಈ ಸಲ ಮೇಷ್ಟ್ರು ಗದರಲಿಲ್ಲ. ಅವಳು ಬಾಯಿ ತೆರೆಯುವ ಮೊದಲೇ, "ನಮ್ಮನೇಲಿ ನಾನೊಬ್ನೇ ಕಣಮ್ಮಾ. ವಿಮೆ ಎಷ್ಟಾದ್ರೂ ಮಾಡಿಸ್ತೀನಿ. ಮುಂದಿನ ತಿಂಗಳು ನೀನು ಹೀಗೇ ಫೋನ್ ಮಾಡ್ತಿರ್ತೀಯಾ ತಾನೇ?" ಎಂದರು.

"ಅದನ್ನೇ ಹೇಳೋಣ ಅಂತ ಮಾಡಿದೆ ಸರ್!" ಹುಡುಗಿಯ ದನಿ ಕುಣಿಯುತ್ತಿತ್ತು. "ಬೇರೆ ಕೆಲಸ ಇಲ್ವಾ ಅಂತ ಬೆಳಿಗ್ಗೆ ಕೇಳಿದ್ರಲ್ಲ? ನಿಮ್ಮ ಬಾಯಿಗೆ ಸಕ್ಕರೆ ಹಾಕ! ಮಧ್ಯಾಹ್ನವೇ ಸಿಕ್ತು. ನಾಳೆಯಿಂದ ನಿಮಗೆ ನನ್ನ ಕಾಟ ಇಲ್ಲ!"

"ಒಳ್ಳೇದಾಗ್ಲಮ್ಮಾ," ಎಂದರು ಮೇಷ್ಟ್ರು. ಅವಳು ಫೋನ್ ಇಟ್ಟ ಮೇಲೂ ಸ್ವಲ್ಪ ಹೊತ್ತು ತಮ್ಮದನ್ನು ಕಿವಿಯಿಂದ ತೆಗೆಯಲಿಲ್ಲ.